ಬೆಳಗಿನ ಜಾವ ಬಾಗಿಲು ತೆಗೆದವನು

ಸ್ಕಾಟ್ಲೆಂಡಿನ ಎಡಿನ್‌ಬರೋ ಊರಿನ ಒಂದು ಇಕ್ಕಟ್ಟು ಓಣಿ. ಚಳಿಗಾಲ. ಇನ್ನೂ ಬೆಳಕು ಹರಿದಿಲ್ಲ. ಕೆಳಗೆ ಯಾರೋ ಬಾಗಿಲು ತಟ್ಟುತ್ತಾರೆ. ಮೇಲೆ ಮಲಗಿದ್ದ ಹುಡುಗ ಎದ್ದು ಬರುತ್ತಾನೆ. ರಾತ್ರಿ ಕುಡಿದದ್ದು ಪೂರ್ತಿ ಇಳಿದಿಲ್ಲ, ಕೈ ಇನ್ನೂ ನಡುಗುತ್ತಿದೆ, ಕಣ್ಣು ಮಂಜುಮಂಜು. ಬಾಗಿಲು ತೆಗೆದು, ಬಂದವರ ಹೊರೆಗೆ ತಾನೂ ಕೈಕೊಟ್ಟು ಒಳಗೆ ಸಾಗಿಸುತ್ತಾನೆ. ದುಡ್ಡು ಎಣಿಸಿ ಕೊಡುತ್ತಾನೆ. ಅವರು ಹೋಗುತ್ತಾರೆ. ಅವನು ವಾಪಸ್ ಹೋಗಿ ಇನ್ನೊಂದೆರಡು ಗಂಟೆ ನಿದ್ದೆ ಮಾಡುತ್ತಾನೆ.

ಅವರು ತಂದದ್ದು ಹೆಣ. ಹುಡುಗನ ಹೆಸರು ಫೆಟ್ಟಿಸ್. ವೈದ್ಯಕೀಯ ಓದುತ್ತಿದ್ದಾನೆ. ಅನಾಟಮಿ, ಅಂದರೆ ದೇಹರಚನೆ, ಕಲಿಸುವ ದೊಡ್ಡ ಮೇಷ್ಟ್ರ ಕೈಕೆಳಗೆ ಸಹಾಯಕ. ಕೊಯ್ಯಲು ಬೇಕಾದ ಹೆಣಗಳನ್ನು ತರಿಸಿಕೊಳ್ಳುವುದು, ಲೆಕ್ಕ ಬರೆಯುವುದು, ಹಂಚುವುದು ಅವನ ಕೆಲಸ. ಇದು ರಾಬರ್ಟ್ ಲೂಯಿ ಸ್ಟೀವನ್‌ಸನ್ 1881ರಲ್ಲಿ ಬರೆದು, 1884ರ ಕ್ರಿಸ್‌ಮಸ್ ಹೊತ್ತಿಗೆ ಅಚ್ಚಾದ 'ದಿ ಬಾಡಿ ಸ್ನ್ಯಾಚರ್' ಅನ್ನುವ ಕಥೆ.

ಈ ಕಥೆಯಲ್ಲಿ ಭೂತ ಇದೆ. ಆದರೆ ಅದು ಬರುವುದು ಕಟ್ಟಕಡೆಯ ಪುಟದಲ್ಲಿ, ಕೊನೆಯ ಕೆಲವು ಸಾಲುಗಳಲ್ಲಿ. ಅಲ್ಲಿವರೆಗೆ ನಮ್ಮನ್ನು ಹೆದರಿಸುವುದು ಈ ಹುಡುಗ. ಅವನು ಕ್ರೂರಿಯೇನಲ್ಲ. ಯಾರನ್ನೂ ಕೊಲ್ಲುವುದಿಲ್ಲ. ಚುರುಕು ಹುಡುಗ, ಮೇಷ್ಟ್ರಿಗೆ ಅಚ್ಚುಮೆಚ್ಚು, ಸಹಪಾಠಿಗಳ ಕಣ್ಣಲ್ಲಿ ಸಣ್ಣಗಾಗಬಾರದು ಅನ್ನುವ ಆಸೆ ಜಾಸ್ತಿ. ಸಿಕ್ಕಿಬೀಳದಷ್ಟು ಮಾತ್ರ ಒಳ್ಳೆಯವನು. ಸ್ಟೀವನ್‌ಸನ್ ಇದನ್ನು ಬಹಳ ನಿಷ್ಠುರವಾಗಿ ಹೇಳುತ್ತಾನೆ: ಜನ ನೀತಿ ಅಂತ ತಪ್ಪಾಗಿ ಕರೆಯುವ ಒಂದು ಚಿಟಿಕೆ ಎಚ್ಚರಿಕೆ ಅವನಲ್ಲಿತ್ತು, ಅಷ್ಟೇ. ಇಂಥವರು ನಮಗೆಲ್ಲ ಗೊತ್ತು, ಅಲ್ವಾ?

ಮೇಷ್ಟ್ರ ನಿಯಮ ಒಂದೇ. ಅವರು ಹೆಣ ತರುತ್ತಾರೆ, ನಾವು ದುಡ್ಡು ಕೊಡುತ್ತೇವೆ. ಪ್ರಶ್ನೆ ಕೇಳಬಾರದು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಈ 'ಕೇಳಬಾರದು' ಅನ್ನುವುದರ ಬಗ್ಗೆಯೇ. ಹಳೆಯ ಇಂಗ್ಲಿಷ್ ಭಯದ ಕಥೆಗಳನ್ನು ನಲವತ್ತು ವರ್ಷದಿಂದ ಓದುತ್ತಾ ಬಂದಿದ್ದೇನೆ. ಮತ್ತೆ ಮತ್ತೆ ನನ್ನನ್ನು ತಡೆದು ನಿಲ್ಲಿಸುವುದು ಕೇಳದೆ ಸುಮ್ಮನಿದ್ದ ಮನುಷ್ಯ.

ಕಥೆಗೆ ಬರೋಣ. ನವೆಂಬರ್‌ನ ಒಂದು ಬೆಳಗಿನ ಜಾವ ಒಂದು ಹೆಣ ಬರುತ್ತದೆ. ಫೆಟ್ಟಿಸ್ ದೀಪ ಹಿಡಿದು ಮುಖ ನೋಡುತ್ತಾನೆ. ಜೇನ್ ಗಾಲ್‌ಬ್ರೇತ್! ಪರಿಚಯದ ಹುಡುಗಿ. ಹಿಂದಿನ ದಿನವಷ್ಟೇ ಅವಳ ಜೊತೆ ತಮಾಷೆ ಮಾಡಿದ್ದಾನೆ. ಬಾಯಿ ತಪ್ಪಿ ಹೇಳಿಯೂಬಿಡುತ್ತಾನೆ: ಇವಳು ನಿನ್ನೆ ಗಟ್ಟಿಮುಟ್ಟಾಗಿದ್ದಳು, ಇದು ನ್ಯಾಯವಾಗಿ ಸಿಕ್ಕ ಹೆಣ ಆಗಿರಲು ಸಾಧ್ಯವೇ ಇಲ್ಲ. ತಂದವರು ತಣ್ಣಗೆ, ತಪ್ಪು ತಿಳಿದಿದ್ದೀರಿ ಸ್ವಾಮಿ, ಅನ್ನುತ್ತಾರೆ. ಅವರಲ್ಲೊಬ್ಬ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ದುಡ್ಡು ಈಗಲೇ ಬೇಕು ಅನ್ನುತ್ತಾನೆ. ಹುಡುಗನ ಎದೆ ಅಲ್ಲೇ ಕುಸಿಯುತ್ತದೆ. ಏನೋ ತೊದಲಿ ದುಡ್ಡು ಎಣಿಸಿ ಕೊಡುತ್ತಾನೆ.

ನೋಡಿ, ಅವನಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳಲಾರರು. ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದ ಕೂಡ. ಹೇಳಿದ ಮೇಲೂ ದುಡ್ಡು ಕೊಟ್ಟ. ಅವರು ಹೋದ ಮೇಲೆ ಮೈಮೇಲಿನ ಗುರುತುಗಳನ್ನೆಲ್ಲ ನೋಡಿ ಖಾತ್ರಿ ಮಾಡಿಕೊಂಡ. ಆಮೇಲೆ ತನಗಿಂತ ಹಿರಿಯ ಸಹಾಯಕ ಮ್ಯಾಕ್‌ಫಾರ್ಲೇನ್‌ನನ್ನು ಏನು ಮಾಡಲಿ ಅಂತ ಕೇಳಿದ. ಮ್ಯಾಕ್‌ಫಾರ್ಲೇನ್ ಲೋಕ ತಿಳಿದವನು. ಇದನ್ನು ಕೆದಕಿದರೆ ಮೇಷ್ಟ್ರೂ ಮುಳುಗುತ್ತಾರೆ, ನೀನೂ ಮುಳುಗುತ್ತೀಯ ಅಂದ. ಜೇನ್ ಗಾಲ್‌ಬ್ರೇತ್‌ಳ ದೇಹ ಎಲ್ಲರಿಗೂ ಹಂಚಿಹೋಯಿತು. ಯಾರೂ ಗುರುತು ಹಿಡಿಯಲಿಲ್ಲ. ಹಿಡಿದವರೂ ಬಾಯಿಬಿಡಲಿಲ್ಲ.

ಸ್ವಲ್ಪ ದಿನದ ನಂತರ ಗ್ರೇ ಅನ್ನುವವನ ಹೆಣ ಬರುತ್ತದೆ. ಈ ಸಲ ತಂದವನು ಸ್ವತಃ ಮ್ಯಾಕ್‌ಫಾರ್ಲೇನ್! ಗ್ರೇ ಅನ್ನುವವನು ಮ್ಯಾಕ್‌ಫಾರ್ಲೇನ್‌ನನ್ನು ಯಾವುದೋ ಹಿಡಿತದಲ್ಲಿ ಇಟ್ಟುಕೊಂಡು ಆಡಿಸುತ್ತಿದ್ದವನು. ಫೆಟ್ಟಿಸ್ ಇಬ್ಬರನ್ನೂ ಹೋಟೆಲಿನಲ್ಲಿ ಒಟ್ಟಿಗೆ ನೋಡಿದ್ದ. ಈಗ ಅವನ ಹೆಣ ಮೇಜಿನ ಮೇಲಿದೆ. ಮ್ಯಾಕ್‌ಫಾರ್ಲೇನ್ ತನಗೆ ದುಡ್ಡು ಕೊಡು ಅನ್ನುತ್ತಾನೆ. ಯಾಕೆ? ನಿನ್ನ ಲೆಕ್ಕ ತಾಳೆಯಾಗಬೇಕಲ್ಲ!

ಇಲ್ಲಿ ಸ್ಟೀವನ್‌ಸನ್ ಒಂದು ಸಣ್ಣ ವಿವರ ಕೊಡುತ್ತಾನೆ. ಫೆಟ್ಟಿಸ್ ಅಷ್ಟು ಹೊತ್ತೂ ಕೈಯಲ್ಲಿ ಹಿಡಿದೇ ಇದ್ದ ಮೇಣದಬತ್ತಿಯನ್ನು ಕೆಳಗಿಡುತ್ತಾನೆ. ಪುಸ್ತಕ ತೆಗೆದು ತಾರೀಖು, ಬಾಬತ್ತು, ಮೊತ್ತ ಬರೆಯುತ್ತಾನೆ. ಕೈ ನಡುಗುವುದಿಲ್ಲ. ಸ್ಥಿರವಾಗಿರುತ್ತದೆ. ನಾನು ಮೊದಲಲ್ಲಿ ಹೇಳಿದ ಕೈ ನೆನಪಿದೆಯಾ? ಕುಡಿತದಿಂದ ನಡುಗುತ್ತಿತ್ತಲ್ಲ, ಅದೇ ಕೈ. ಬಾಗಿಲು ತೆಗೆಯುವಾಗ ನಡುಗಿದ ಕೈ ಕೊಲೆಯೊಂದನ್ನು ಲೆಕ್ಕಕ್ಕೆ ಹಾಕುವಾಗ ನಡುಗಲಿಲ್ಲ. ಈ ಕಥೆಯಲ್ಲಿ ನನಗೆ ಮೈ ಜುಂ ಎನ್ನುವ ಜಾಗ ಇದು. ಕೊನೆಯ ಪುಟದ ಭೂತ ಇದಾದ ಮೇಲೆ ಬರುತ್ತದೆ.

ಬರೆದದ್ದಾದ ಮೇಲೆ ಮ್ಯಾಕ್‌ಫಾರ್ಲೇನ್ ಅವನಿಗೆ ಪಾಠ ಹೇಳುತ್ತಾನೆ. ಮೊದಲನೆಯದರಿಂದಲೇ ಎರಡನೆಯದು ಹುಟ್ಟಿತು. ಗ್ರೇ ಅನ್ನುವುದು ಗಾಲ್‌ಬ್ರೇತ್‌ಳ ಮುಂದುವರಿಕೆ. ಶುರು ಮಾಡಿ ಆಮೇಲೆ ನಿಲ್ಲಿಸುತ್ತೇನೆ ಅಂದರೆ ಆಗುವುದಿಲ್ಲ. ಆ ದುಡ್ಡನ್ನು ಅವನಿಗೇ ಬಿಟ್ಟುಕೊಟ್ಟು, ಇಂಥ ದುಡ್ಡು ಬಂದಾಗ ಹೇಗಿರಬೇಕು ಅಂತಲೂ ಹೇಳಿಕೊಡುತ್ತಾನೆ. ಯಾರಿಗೂ ಕುಡಿಸಬೇಡ, ದುಬಾರಿ ಪುಸ್ತಕ ಕೊಳ್ಳಬೇಡ, ಹಳೆ ಸಾಲ ತೀರಿಸಬೇಡ. ಕಥೆಯಲ್ಲಿ ಕಾನೂನಿನ ಮಾತು ಅಪರೂಪ. ಇಂಥ ವ್ಯವಹಾರದ ಜಾಣತನದ ಮಾತೇ ತುಂಬಿದೆ.

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಒಂದು ಹಾಸ್ಟೆಲ್ಲಿನ ಉಸ್ತುವಾರಿ ಕೊಟ್ಟಿದ್ದರು. ತಿಂಗಳಿಗೊಮ್ಮೆ ಸಾಮಾನು ಬರುತ್ತಿತ್ತು. ಸ್ಟಾಕ್ ರಿಜಿಸ್ಟರಿನಲ್ಲಿ ಅಕ್ಕಿ ಇಷ್ಟು, ತೊಗರಿಬೇಳೆ ಇಷ್ಟು ಅಂತ ಬರೆದಿಟ್ಟಿರುತ್ತಿದ್ದರು. ನಾನು ಸಹಿ ಹಾಕಬೇಕು. ಉಗ್ರಾಣದ ನೆಲದ ಮೇಲಿದ್ದ ಮೂಟೆಗಳು ಬರೆದ ಲೆಕ್ಕಕ್ಕಿಂತ ಕಡಿಮೆ ಅಂತ ಕಣ್ಣಿಗೇ ಕಾಣುತ್ತಿತ್ತು. "ಎಲ್ಲಾ ಸರಿ ಇದೆ ಮೇಷ್ಟ್ರೇ, ಸುಮ್ನೆ ಸೈನ್ ಹಾಕಿ" ಅಂದರು. ಮೊದಲ ತಿಂಗಳು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಮೂರನೇ ತಿಂಗಳು ಯಾರ ಹತ್ತಿರವೋ ಮಾತಾಡುತ್ತಲೇ ಸಹಿ ಹಾಕಿದೆ. ಪುಸ್ತಕದ ಕಡೆ ನೋಡಲೂ ಇಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ತಟ್ಟೆ ಹಿಡಿದುಕೊಂಡು ಬಂದು, "ಸಾರಲ್ಲಿ ಬೇಳೆನೇ ಇಲ್ವಲ್ಲ ಸಾರ್" ಅಂದ. "ಊಟ ಮಾಡು ಹೋಗಯ್ಯ" ಅಂದೆ. ಆ ಕೆಲಸದಿಂದ ನನ್ನನ್ನು ಬಿಡಿಸುವವರೆಗೂ ಸಹಿ ಹಾಕಿದೆ. ಆಗಿನ್ನೂ ಸ್ಟೀವನ್‌ಸನ್‌ನ ಈ ಕಥೆ ಓದಿರಲಿಲ್ಲ. ಆರೇಳು ವರ್ಷದ ನಂತರ ಓದಿದಾಗ ಆ ಮೇಣದಬತ್ತಿಯ ಸಾಲಿಗೆ ಬಂದು, ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕೂತುಬಿಟ್ಟೆ.

ಸರಿ, ಈಗ ನಿಜ ಘಟನೆಗೆ ಬರುತ್ತೇನೆ. ಸ್ಟೀವನ್‌ಸನ್ ಇದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಅವನು ಹುಟ್ಟಿ ಬೆಳೆದದ್ದು ಎಡಿನ್‌ಬರೋದಲ್ಲೇ, 1850ರಲ್ಲಿ ಹುಟ್ಟಿದವನು. ಅದಕ್ಕೆ 22 ವರ್ಷ ಮೊದಲು ಆ ಊರಿನಲ್ಲಿ ನಡೆದದ್ದನ್ನು ಅಲ್ಲಿನ ಮಕ್ಕಳು ಹಾಡು ಕಟ್ಟಿ ಹಾಡುತ್ತಿದ್ದರು.

ಆಗ ವೈದ್ಯಕೀಯ ಶಾಲೆಗಳಿಗೆ ಕಾನೂನಿನ ದಾರಿಯಲ್ಲಿ ಸಿಗುತ್ತಿದ್ದದ್ದು ಮುಖ್ಯವಾಗಿ ಗಲ್ಲಿಗೇರಿಸಿದ ಕೊಲೆಗಾರರ ಹೆಣ. ವಿದ್ಯಾರ್ಥಿಗಳು ನೂರಾರು, ಹೆಣಗಳು ಬೆರಳೆಣಿಕೆ. ಹಾಗಾಗಿ ರಾತ್ರಿ ಗೋರಿ ಅಗೆದು ಹೆಣ ಕದ್ದು ಮಾರುವ ಕಸುಬೇ ಹುಟ್ಟಿಕೊಂಡಿತು. ಒಂದು ವಿಚಿತ್ರ ನೋಡಿ. ಹೆಣ ಯಾರ ಆಸ್ತಿಯೂ ಅಲ್ಲ, ಆದ್ದರಿಂದ ಅದನ್ನು ಒಯ್ದರೆ ಕಳ್ಳತನ ಆಗುತ್ತಿರಲಿಲ್ಲ, ಸಣ್ಣ ಅಪರಾಧ ಅಷ್ಟೇ. ಮೇಲೆ ಹೊದಿಸಿದ ಬಟ್ಟೆ ಒಯ್ದರೆ ಮಾತ್ರ ದೊಡ್ಡ ಕಳ್ಳತನ. ಅದಕ್ಕೇ ಕಳ್ಳರು ಬಟ್ಟೆಯನ್ನು ವಾಪಸ್ ಗೋರಿಗೇ ಹಾಕಿ ಹೋಗುತ್ತಿದ್ದರು. ದುಡ್ಡಿದ್ದವರು ಗೋರಿಯ ಮೇಲೆ ಕಬ್ಬಿಣದ ಪಂಜರ ಕಟ್ಟಿಸಿದರು. ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಅಂಥ ಪಂಜರಗಳು ಈಗಲೂ ಇವೆ. ಬಡವರು ರಾತ್ರಿಯಿಡೀ ಗೋರಿ ಪಕ್ಕ ಕಾವಲು ಕೂರಬೇಕಿತ್ತು.

1827ರ ನವೆಂಬರ್‌ನಲ್ಲಿ ಹೇರ್ ಅನ್ನುವವನ ವಸತಿಮನೆಯಲ್ಲಿ ಬಾಡಿಗೆಗಿದ್ದ ಡೊನಾಲ್ಡ್ ಅನ್ನುವ ಮುದುಕ ತೀರಿಕೊಂಡ. 4 ಪೌಂಡ್ ಬಾಕಿ ಇತ್ತು. ಹೇರ್ ಮತ್ತು ಅವನ ಗೆಳೆಯ ಬರ್ಕ್ ಶವಪೆಟ್ಟಿಗೆಯೊಳಗೆ ಮರದ ತೊಗಟೆ ತುಂಬಿಸಿ ಕಳಿಸಿದರು. ಹೆಣವನ್ನು ಡಾಕ್ಟರ್ ರಾಬರ್ಟ್ ನಾಕ್ಸ್ ಅವರ ಅನಾಟಮಿ ಶಾಲೆಗೆ 7 ಪೌಂಡ್ 10 ಶಿಲಿಂಗಿಗೆ ಮಾರಿದರು. ಇಷ್ಟು ಸುಲಭವಾಗಿ ದುಡ್ಡು ಸಿಗುತ್ತದೆ ಅಂತ ಗೊತ್ತಾದ ಮೇಲೆ ಯಾರಾದರೂ ಸಾಯಲಿ ಅಂತ ಕಾಯಲಿಲ್ಲ. 1828ರಲ್ಲಿ 16 ಜನರನ್ನು ಉಸಿರುಗಟ್ಟಿಸಿ ಕೊಂದರು. ಹೆಣಕ್ಕೆ 8ರಿಂದ 10 ಪೌಂಡ್.

ನಾಕ್ಸ್ ಆಗ ಊರಿಗೆ ದೊಡ್ಡ ಹೆಸರು. ಅವರ ತರಗತಿಗೆ ಸುಮಾರು 500 ವಿದ್ಯಾರ್ಥಿಗಳು. ಬರ್ಕ್ ಆಮೇಲೆ ಕೊಟ್ಟ ತಪ್ಪೊಪ್ಪಿಗೆಯಲ್ಲಿ ಒಂದು ಮಾತಿದೆ. ಒಬ್ಬ ಹೆಂಗಸಿನ ಹೆಣ ಒಯ್ದಾಗ ನಾಕ್ಸ್ ಅಲ್ಲಿಗೆ ಬಂದರು, ಹೆಣ ಇಷ್ಟು ತಾಜಾ ಇದೆಯಲ್ಲ ಅಂತ ಮೆಚ್ಚಿಕೊಂಡರು, ಆದರೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅನಾಟಮಿಯಲ್ಲಿ ಅಷ್ಟು ಪಳಗಿದವರಿಗೆ ಹೂತು ಅಗೆದ ಹೆಣಕ್ಕೂ ಹೂಳದೇ ಬಂದ ಹೆಣಕ್ಕೂ ವ್ಯತ್ಯಾಸ ತಿಳಿಯದೇ ಹೋಯಿತು ಅಂದರೆ ನಾನಂತೂ ನಂಬಲಾರೆ.

ಕೊನೆಗೆ ಹೇರ್ ಸಾಕ್ಷಿ ಹೇಳಿ ಪಾರಾದ. 1829ರ ಜನವರಿ 28ರಂದು ಬರ್ಕ್‌ನನ್ನು ಗಲ್ಲಿಗೆ ಹಾಕಿದರು. ಅವನ ಹೆಣವನ್ನೇ ಕೊಯ್ದರು. ಅವನ ಅಸ್ಥಿಪಂಜರ ಈಗಲೂ ಎಡಿನ್‌ಬರೋ ವೈದ್ಯಕೀಯ ಶಾಲೆಯ ಅನಾಟಮಿ ಮ್ಯೂಸಿಯಮ್ಮಿನಲ್ಲಿದೆ. ನಾಕ್ಸ್ ಮೇಲೆ ಮೊಕದ್ದಮೆಯೇ ಇಲ್ಲ. ಮಕ್ಕಳ ಹಾಡು ಮಾತ್ರ ಅವರನ್ನು ಬಿಡಲಿಲ್ಲ. ಬರ್ಕ್ ಕಟುಕ, ಹೇರ್ ಕಳ್ಳ, ಮಾಂಸ ಕೊಂಡವನು ನಾಕ್ಸ್ ಅಂತ ಹಾಡಿದರು.

1832ರಲ್ಲಿ ಬ್ರಿಟನ್ ಕಾನೂನು ತಂದಿತು. ವಾರಸುದಾರರಿಲ್ಲದ ಹೆಣಗಳನ್ನು ಶಾಲೆಗಳಿಗೆ ಕೊಡಬಹುದು ಅಂತ. ಗತಿಯಿಲ್ಲದವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್, ಆಸ್ಪತ್ರೆಗಳಲ್ಲಿ ಸತ್ತ ಬಡವರ ಹೆಣ ಅನ್ನಿ. ಗೋರಿ ಅಗೆಯುವುದು ನಿಂತಿತು. ಈ ದಾರಿ ನಮ್ಮ ದೇಶಕ್ಕೂ ಬಂದಿದೆ. ಪಶ್ಚಿಮದ ವೈದ್ಯಕೀಯ ಕಾಲೇಜುಗಳಲ್ಲಿ ಪಾಠಕ್ಕೆ ಇಟ್ಟ ಎಷ್ಟೋ ಅಸ್ಥಿಪಂಜರಗಳು ಕೊಲ್ಕತ್ತಾದಿಂದ ಹಡಗು ಹತ್ತಿ ಹೋದವು. ಭಾರತ ಸರ್ಕಾರ ಆ ರಫ್ತನ್ನು ನಿಷೇಧಿಸಿದ್ದು 1985ರಲ್ಲಿ. ಅಲ್ಲಿಯವರೆಗೆ ಅದನ್ನು ಕೈಯಲ್ಲಿ ಹಿಡಿದು ಓದಿದ ಎಷ್ಟು ವಿದ್ಯಾರ್ಥಿಗಳು, ಇದು ಯಾರು, ಹೇಗೆ ಇಲ್ಲಿಗೆ ಬಂದರು ಅಂತ ಕೇಳಿದ್ದಾರು?

ಈಗ ಅದೇ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಜೆಕಿಲ್ ಮತ್ತು ಹೈಡ್ ಕಥೆ. ಇದು ಎಲ್ಲರಿಗೂ ಗೊತ್ತು. ಮದ್ದು ಕುಡಿದು ಒಳ್ಳೆಯ ಡಾಕ್ಟರು ಜೆಕಿಲ್, ಹೈಡ್ ಅನ್ನುವ ಕೆಟ್ಟವನಾಗುತ್ತಾನೆ. ಹಾಗಂತ ನಾವು ಸಿನಿಮಾಗಳಿಂದ ಕಲಿತಿದ್ದೇವೆ. ಪುಸ್ತಕ ಹೇಳುವುದು ಬೇರೆ. ಜೆಕಿಲ್ ತಾನೇ ಬರೆದಿಟ್ಟ ಕಾಗದದಲ್ಲಿ ಹೇಳುತ್ತಾನೆ, ಆ ಮದ್ದಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಇರಲಿಲ್ಲ. ಅದು ಬಾಗಿಲನ್ನಷ್ಟೇ ಅಲುಗಿಸಿತು. ಆ ಹೊತ್ತಿನಲ್ಲಿ ತನ್ನ ಒಳ್ಳೆಯತನ ನಿದ್ದೆ ಮಾಡುತ್ತಿತ್ತು, ಕೆಟ್ಟತನ ಎಚ್ಚರವಾಗಿತ್ತು, ಅದೇ ಹೊರಗೆ ಬಂತು. ಮದ್ದಿನ ಮೇಲೆ ತಪ್ಪು ಹೊರಿಸಲು ಅವನಿಗೇ ಬಾಯಿ ಬರುವುದಿಲ್ಲ. ಹೆಸರು ಕೆಡದೆ ಸುಖಪಡಬೇಕಿತ್ತು. ಅದಕ್ಕೊಂದು ಬೇರೆ ಮೈ ಬೇಕಿತ್ತು.

ನಾನು ಹೇಳಬೇಕು ಅಂದದ್ದು ಕಥೆಯ ಆರಂಭದ ಬಗ್ಗೆ. ರಾತ್ರಿ ಮೂರು ಗಂಟೆಗೆ ಹೈಡ್ ಒಂದು ಪುಟ್ಟ ಹುಡುಗಿಯನ್ನು ತುಳಿದುಕೊಂಡೇ ಹೋಗುತ್ತಾನೆ. ಎನ್‌ಫೀಲ್ಡ್ ಅನ್ನುವ ಸಭ್ಯ ಮನುಷ್ಯ ಅವನನ್ನು ಹಿಡಿದು ನಿಲ್ಲಿಸುತ್ತಾನೆ. ಒಳ್ಳೆಯ ಕೆಲಸ. ಹುಡುಗಿಯ ಮನೆಯವರಿಗೆ 100 ಪೌಂಡ್ ಕೊಡಿಸುತ್ತಾನೆ. ಹೈಡ್ ಒಂದು ಬಾಗಿಲ ಒಳಗೆ ಹೋಗಿ 10 ಪೌಂಡ್ ಚಿನ್ನದ ನಾಣ್ಯ, ಮಿಕ್ಕದ್ದಕ್ಕೆ ಚೆಕ್ಕು ತರುತ್ತಾನೆ. ಚೆಕ್ಕಿನ ಮೇಲೆ ಊರಿಗೆಲ್ಲ ಗೊತ್ತಿರುವ ದೊಡ್ಡ ಮನುಷ್ಯರ ಸಹಿ! ಆಮೇಲೆ ಗೆಳೆಯ ಅಟರ್‌ಸನ್, ಆ ಮನೆ ಯಾರದ್ದು ಅಂತ ವಿಚಾರಿಸಲಿಲ್ಲವಾ ಅನ್ನುತ್ತಾನೆ. ಇಲ್ಲ, ಅನ್ನುತ್ತಾನೆ ಎನ್‌ಫೀಲ್ಡ್. ವಿಷಯ ಎಷ್ಟು ಗೊಂದಲವಾಗಿ ಕಾಣುತ್ತದೋ ಅಷ್ಟು ಕಡಿಮೆ ಕೇಳುವುದು ನನ್ನ ನಿಯಮ ಅನ್ನುತ್ತಾನೆ. ಪ್ರಶ್ನೆ ಕೇಳುವುದು ಗುಡ್ಡದ ಮೇಲಿಂದ ಕಲ್ಲು ಉರುಳಿಸಿದ ಹಾಗೆ, ಅದು ಯಾರ ತಲೆಗೆ ಬಡಿಯುತ್ತದೋ ಗೊತ್ತಾಗುವುದಿಲ್ಲ. ಇನ್ನು ಈ ವಿಷಯ ಮಾತಾಡುವುದೇ ಬೇಡ ಅಂತ ಇಬ್ಬರೂ ಕೈಕುಲುಕುತ್ತಾರೆ. ಒಂದು ವರ್ಷದೊಳಗೆ ಹೈಡ್ ಒಬ್ಬ ಮುದುಕರನ್ನು ಬಡಿಗೆಯಿಂದ ಹೊಡೆದು ಕೊಲ್ಲುತ್ತಾನೆ.

ಹೈಡ್ ಒಳಹೋದ ಆ ಬಾಗಿಲು ಯಾವುದು ಗೊತ್ತಾ? ಜೆಕಿಲ್‌ನ ಪ್ರಯೋಗಶಾಲೆಯ ಹಿಂಬಾಗಿಲು. ಆ ಮನೆಯನ್ನು ಜೆಕಿಲ್ ಕೊಂಡದ್ದು ಒಬ್ಬ ಪ್ರಸಿದ್ಧ ಸರ್ಜನ್ನಿನ ವಾರಸುದಾರರಿಂದ. ಆ ಕಟ್ಟಡ ಮುಂಚೆ ಹೆಣ ಕೊಯ್ದು ಪಾಠ ಮಾಡುತ್ತಿದ್ದ ಜಾಗ. ಅಂದರೆ ಸ್ಟೀವನ್‌ಸನ್ ನಮ್ಮನ್ನು ಅದೇ ಬಾಗಿಲಿಗೆ ಕರೆದುಕೊಂಡು ಬಂದಿದ್ದಾನೆ. ಬಾಡಿ ಸ್ನ್ಯಾಚರ್ ಓದಿ ಇದನ್ನು ಓದಿದಾಗ ನನಗೆ ಇದು ಹೊಳೆದದ್ದು.

ಅಮೆರಿಕದ ಭಯದ ಕಥೆಗಾರ ಎಡ್ಗರ್ ಅಲನ್ ಪೋ ಬಗ್ಗೆ ಹೇಳುವುದಿಲ್ಲವಾ ಅಂತ ಬರುವ ಮುಂಚೆ ಒಬ್ಬರು ಕೇಳಿದರು. 1843ರ 'ದಿ ಟೆಲ್-ಟೇಲ್ ಹಾರ್ಟ್' ದೊಡ್ಡ ಕಥೆ, ಅನುಮಾನವಿಲ್ಲ. ಆದರೆ ಅಲ್ಲಿ ಕೊಲೆಗಾರನಿಗೆ ತಾನು ಮಾಡಿದ್ದರ ಬಗ್ಗೆ, ತನ್ನ ಜಾಣತನದ ಬಗ್ಗೆ ಮಾತಾಡಿ ಸಾಕಾಗುವುದಿಲ್ಲ. ಅವನನ್ನು ನಾವು ದೂರ ನಿಂತು ನೋಡಬಹುದು, ನಾವು ಹಾಗಿಲ್ಲಪ್ಪ ಅಂದುಕೊಳ್ಳಬಹುದು. ಫೆಟ್ಟಿಸ್ ವಿಷಯದಲ್ಲಿ ಹಾಗೆ ಅಂದುಕೊಳ್ಳಲು ನನಗೆ ಆಗುವುದಿಲ್ಲ.

ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಬರೆದ ಕೋತಿಯ ಪಂಜದ ಕಥೆ, 'ದಿ ಮಂಕೀಸ್ ಪಾ', ಇದಕ್ಕೆ ಹತ್ತಿರ. ಸೈನ್ಯದಲ್ಲಿದ್ದವನೊಬ್ಬ ಇಂಡಿಯಾದಿಂದ ಒಣಗಿದ ಕೋತಿ ಪಂಜ ತಂದಿದ್ದಾನೆ. ಯಾರೋ ಫಕೀರ ಮಂತ್ರಿಸಿ ಕೊಟ್ಟದ್ದು, ಮೂರು ವರ ಕೊಡುತ್ತದೆ. ನಮ್ಮ ಕಡೆಯಿಂದಲೇ ಶಾಪ ಹಡಗು ಹತ್ತಬೇಕು! ಆ ಕಾಲದ ಇಂಗ್ಲಿಷ್ ಕಥೆಗಳಲ್ಲಿ ಇದು ಮಾಮೂಲು, ಓದುವಾಗ ನನಗೆ ಬೇಜಾರಾಗುತ್ತದೆ. ಆದರೆ ಮನೆ ಯಜಮಾನ ವೈಟ್ 200 ಪೌಂಡ್ ಬೇಕು ಅಂತ ಕೇಳಿದ ಮೇಲೆ ಅವನ ಮಗನನ್ನು ಕೊಂದದ್ದು ಏನು? ಅವರದೇ ಊರಿನ ಕಾರ್ಖಾನೆಯ ಯಂತ್ರ. ಮಾರನೆಯ ದಿನ ಕಂಪನಿಯ ಮನುಷ್ಯ ಬರುತ್ತಾನೆ. ಒಳ್ಳೆ ಬಟ್ಟೆ, ಹೊಳೆಯುವ ಹೊಸ ಟೋಪಿ. ಗೇಟಿನ ಹತ್ತಿರ ಮೂರು ಸಲ ನಿಂತು ಮುಂದೆ ಹೋಗುತ್ತಾನೆ. ನಾಲ್ಕನೇ ಸಲ ಗಟ್ಟಿಮನಸ್ಸು ಮಾಡಿ ಒಳಗೆ ಬರುತ್ತಾನೆ. ನಿಮ್ಮ ಮಗ ಯಂತ್ರಕ್ಕೆ ಸಿಕ್ಕಿಕೊಂಡ ಅನ್ನುತ್ತಾನೆ. ನಾನು ಬರೀ ಅವರ ಆಳು, ಅವರು ಹೇಳಿದ್ದನ್ನು ಹೇಳುತ್ತಿದ್ದೇನೆ ಅಂತ ಬೇಡಿಕೊಳ್ಳುತ್ತಾನೆ. ಕಂಪನಿಗೆ ಯಾವ ಹೊಣೆಯೂ ಇಲ್ಲ, ಆದರೂ ಪರಿಹಾರವಾಗಿ 200 ಪೌಂಡ್.

ಆ ಗೇಟಿನ ಹತ್ತಿರ ನಿಂತವನನ್ನು ನೋಡಿ. ಅವನಿಗೆ ನಾಚಿಕೆ ಇದೆ. ಹೆಜ್ಜೆ ಹಿಂದೆ ಸರಿಯುತ್ತದೆ. ಆದರೆ ಕೊನೆಗೆ ಕಂಪನಿ ಹೇಳಿಕೊಟ್ಟ ವಾಕ್ಯವನ್ನೇ ಹೇಳಿ ಹೋಗುತ್ತಾನೆ. ಕೋತಿಯ ಪಂಜದ ಬಗ್ಗೆ ನೂರು ಜನ ಬರೆದಿದ್ದಾರೆ, ಈ ಮನುಷ್ಯನ ಬಗ್ಗೆ ಬರೆದವರನ್ನು ನಾನು ನೋಡಿಲ್ಲ.

ಫೆಟ್ಟಿಸ್ ಕಥೆಯ ಕೊನೆ ಹೇಳದೆ ಬಿಟ್ಟರೆ ನೀವು ಬೈಯುತ್ತೀರಿ. ಫೆಟ್ಟಿಸ್, ಮ್ಯಾಕ್‌ಫಾರ್ಲೇನ್ ಇಬ್ಬರೂ ಒಂದು ಮಳೆ ರಾತ್ರಿ ಗ್ಲೆನ್‌ಕೋರ್ಸ್ ಅನ್ನುವ ಹಳ್ಳಿಯ ಸ್ಮಶಾನಕ್ಕೆ ಹೋಗಿ, ರೈತನೊಬ್ಬನ ಹೆಂಡತಿಯ ಹೆಣ ಅಗೆದು ಮೂಟೆ ಕಟ್ಟಿ ಗಾಡಿಯಲ್ಲಿ ಇಬ್ಬರ ನಡುವೆ ಇಟ್ಟುಕೊಂಡು ಬರುತ್ತಾರೆ. ಗಾಡಿಯ ಒಂದು ದೀಪ ಒಡೆದಿದೆ. ಮೂಟೆ ಒಮ್ಮೆ ಇವನ ಹೆಗಲಿಗೆ, ಒಮ್ಮೆ ಅವನ ಹೆಗಲಿಗೆ ಒರಗುತ್ತದೆ. ದಾರಿಯುದ್ದಕ್ಕೂ ನಾಯಿಗಳು ಊಳಿಡುತ್ತವೆ. ಒದ್ದೆ ಬಟ್ಟೆ ಮೈಗೆ ಅಂಟಿಕೊಂಡು ಆಕಾರ ಬದಲಾದಂತೆ ಕಾಣುತ್ತದೆ. ಇದು ಹೆಂಗಸಲ್ಲ ಅನ್ನುತ್ತಾನೆ ಮ್ಯಾಕ್‌ಫಾರ್ಲೇನ್. ನಾವು ಇಟ್ಟಾಗ ಹೆಂಗಸೇ ಆಗಿತ್ತು ಅನ್ನುತ್ತಾನೆ ಫೆಟ್ಟಿಸ್. ಉಳಿದಿದ್ದ ಇನ್ನೊಂದು ದೀಪ ಹಿಡಿದು, ಮುಖದ ಬಟ್ಟೆ ಸರಿಸಿ ನೋಡುತ್ತಾರೆ. ಎಂದೋ ಸತ್ತು, ಎಂದೋ ಕೊಯ್ದು ಹಂಚಿಹೋಗಿದ್ದ ಗ್ರೇ!

ಆ ಗ್ರೇ ಅನ್ನುವ ಹೆಸರು ಓದಿದಾಗೆಲ್ಲ ನನಗೆ ಬೇರೆ ಗ್ರೇಗಳು ನೆನಪಾಗುತ್ತಾರೆ. ನಿಜವಾದವರು. ಆನ್ ಗ್ರೇ ಮತ್ತು ಅವಳ ಗಂಡ ಜೇಮ್ಸ್ ಗ್ರೇ. ಬಡ ದಂಪತಿ, ಚಿಕ್ಕ ಮಗು, ಬರ್ಕ್‌ನ ಮನೆಯಲ್ಲಿ ಬಾಡಿಗೆಗಿದ್ದವರು. 1828ರ ಅಕ್ಟೋಬರ್ 31ರ ರಾತ್ರಿ ಅವರನ್ನು ಬೇರೆ ಮನೆಗೆ ಮಲಗಲು ಕಳಿಸಿ, ಬರ್ಕ್ ಮತ್ತು ಹೇರ್ ಡೋಕರ್ಟಿ ಅನ್ನುವ ಹೆಂಗಸನ್ನು ಕೊಂದರು. ಮಾರನೆಯ ದಿನ ಆನ್ ಗ್ರೇ ವಾಪಸ್ ಬಂದಳು. ಹಾಸಿಗೆಯ ಹತ್ತಿರ ಬಿಟ್ಟು ಹೋಗಿದ್ದ ಕಾಲುಚೀಲ ತೆಗೆದುಕೊಳ್ಳಲು ಹೋದಾಗ ಬರ್ಕ್ ಗದರಿದ. ಅವಳು ಆಗ ಸುಮ್ಮನಾದಳು. ಸಂಜೆ ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಗಂಡ ಹೆಂಡತಿ ಇಬ್ಬರೂ ಆ ಹಾಸಿಗೆಯ ಹುಲ್ಲನ್ನು ಸರಿಸಿದರು. ಹೆಣ ಸಿಕ್ಕಿತು. ಹೊರಗೆ ಹೋಗುವಾಗ ಬರ್ಕ್ ಜೊತೆಗಿದ್ದ ಹೆಂಗಸು ಎದುರಾದಳು. ಮೊಣಕಾಲೂರಿ ಬೇಡಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ವಾರಕ್ಕೆ 10 ಪೌಂಡ್ ಕೊಡುತ್ತೇವೆ ಅಂದಳು. ನಾಕ್ಸ್ ಶಾಲೆ ಒಂದು ಇಡೀ ಹೆಣಕ್ಕೆ ಕೊಡುತ್ತಿದ್ದ ದುಡ್ಡು ಅದು. ಗ್ರೇ ದಂಪತಿ ನಿಲ್ಲಲಿಲ್ಲ. ಸೀದಾ ಪೊಲೀಸರ ಹತ್ತಿರ ಹೋದರು.